ಪಹಣಿಯಲ್ಲಿ ಮಣ್ಣಿಗೂ ಒಂದು ಕಾಲಂ ಇದೆ



ನಿಮ್ಮ ಮನೆಯ ಬೀರುವಿನಲ್ಲಿ ಜಮೀನಿನ ಪಹಣಿ ಇದ್ದರೆ ಇವತ್ತು ಒಮ್ಮೆ ತೆಗೆದು ನೋಡಿ. ಪಹಣಿ ಕೈಗೆ ಸಿಕ್ಕ ತಕ್ಷಣ ನಾವೆಲ್ಲ ಮೊದಲು ನೋಡೋದು 9ನೇ ಕಾಲಂ, ಯಾರ ಹೆಸರಿದೆ ಅಂತ. ಆಮೇಲೆ 11ನೇ ಕಾಲಂ, ಬ್ಯಾಂಕಿನ ಸಾಲ ಏನಾದರೂ ಕೂತಿದೆಯಾ ಅಂತ. ಅದೇ ಹಾಳೆಯಲ್ಲಿ ಇನ್ನೊಂದು ಕಾಲಂ ಇದೆ. ‘ಮಣ್ಣಿನ ನಮೂನೆ’ ಅಂತ ಬರೆದಿರುತ್ತೆ. ಅದನ್ನ ಎಂದಾದರೂ ಓದಿದ್ದೀರಾ? ನಾನು ಓದಿರಲಿಲ್ಲ. ಸತ್ಯ ಹೇಳ್ತಿದ್ದೀನಿ. 2018ರ ಆಗಸ್ಟ್‌ವರೆಗೆ ಆ ಕಾಲಂ ಇರೋದೇ ನನಗೆ ಗೊತ್ತಿರಲಿಲ್ಲ.

ಆ ಆಗಸ್ಟ್ ನಿಮಗೆ ನೆನಪಿರುತ್ತೆ. ಕೊಡಗು. ಮಕ್ಕಂದೂರು, ಕಾಲೂರು, ಹಟ್ಟಿಹೊಳೆ, ಜೋಡುಪಾಲ, ಒಂದಾದ ಮೇಲೊಂದು ಊರಿನ ಹೆಸರು ಟಿವಿ ಪರದೆಯ ಕೆಳಗೆ ಓಡ್ತಾ ಇತ್ತು. ಮಡಿಕೇರಿಯಲ್ಲಿ ಎರಡಂತಸ್ತಿನ ಮನೆಯೊಂದು ಹಾಗೇ ಜಾರಿ ಕೆಳಗೆ ಹೋದ ವಿಡಿಯೊ ಬಂತು. ಆ ದೃಶ್ಯವನ್ನ ನಾವು ಎಷ್ಟು ಸಲ ತೋರಿಸಿದೆವು ಅನ್ನೋ ಲೆಕ್ಕ ನನ್ನ ಹತ್ರ ಇಲ್ಲ. ಮನೆ ಬೀಳೋದನ್ನ ತೋರಿಸಿದೆವು, ಮನೆ ಯಾವ ಮಣ್ಣಿನ ಮೇಲೆ ನಿಂತಿತ್ತು ಅಂತ ಒಂದು ನಿಮಿಷ ಕೂಡ ಹೇಳಲಿಲ್ಲ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಮಳೆ ನಿಂತ ಮೇಲೆ ನಾನು ಕ್ಯಾಮೆರಾ ಜೊತೆ ಮಕ್ಕಂದೂರು ಕಡೆ ಹೋಗಿದ್ದೆ. ಒಂದು ಕಾಫಿ ತೋಟ ಅರ್ಧಕ್ಕೆ ಸೀಳಿ ಹೋಗಿತ್ತು. ತೋಟದ ಯಜಮಾನರಿಗೆ ಎಪ್ಪತ್ತು ದಾಟಿತ್ತು. ಮೈಕ್ ಮುಂದೆ ಹಿಡಿದೆ. ಅವರು ಮೈಕ್ ಕಡೆ ನೋಡಲೇ ಇಲ್ಲ. ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ನನ್ನ ಕೈಗೆ ಹಾಕಿದರು. ‘ಇದು ಮೇಲಿಂದು, ಮುಟ್ಟಿ ನೋಡಿ’ ಅಂದರು. ಕಪ್ಪಗೆ, ಹುಡಿ ಹುಡಿಯಾಗಿತ್ತು. ಆಮೇಲೆ ಸೀಳಿದ ಜಾಗದಿಂದ ಇನ್ನೊಂದು ಹಿಡಿ ಕೊಟ್ಟರು. ಬಿಳಿ, ಹಳದಿ, ಸ್ವಲ್ಪ ಗುಲಾಬಿ ಬಣ್ಣ. ಸೋಪಿನ ಹಾಗೆ ಜಾರ್ತಾ ಇತ್ತು. ‘ಇವ್ರೇ, ನಾವು ಕಾಫಿ ಹಾಕಿದ್ದು ಮೊದಲನೇದರ ಮೇಲೆ. ಗುಡ್ಡ ಕೂತಿದ್ದು ಇದರ ಮೇಲೆ’ ಅಂದರು.

ನಾನು ಅಷ್ಟು ವರ್ಷ ಓದಿದ ಯಾವ ವರದಿಯೂ ಹೇಳದ್ದನ್ನ ಅವರು ಎರಡು ಹಿಡಿ ಮಣ್ಣಿನಲ್ಲಿ ಹೇಳಿದ್ದರು.

ನೋಡಿ, ಪಶ್ಚಿಮ ಘಟ್ಟದ ಮಣ್ಣು ನಾವು ಅಂದುಕೊಂಡ ಹಾಗಿಲ್ಲ. ಹಸಿರು ನೋಡಿ ‘ಅಬ್ಬಾ, ಎಂಥ ಫಲವತ್ತಾದ ಭೂಮಿ’ ಅಂತೀವಿ. ಆ ಹಸಿರಿನ ಸಾರ ಇರೋದು ಮೇಲಿನ ತೆಳು ಪದರದಲ್ಲಿ, ಉದುರಿ ಕೊಳೆತ ತರಗೆಲೆಯಲ್ಲಿ. ಸಾವಿರಾರು ವರ್ಷದ ಮಳೆ ಕೆಳಗಿನ ಸುಣ್ಣದಂಶವನ್ನೆಲ್ಲ ತೊಳೆದುಬಿಟ್ಟಿದೆ, ಮಣ್ಣು ಹುಳಿಯಾಗಿದೆ. ಅದಕ್ಕೇ ತೋಟದವರು ಸುಣ್ಣ ಹಾಕೋದು. ಆ ಕಪ್ಪು ಪದರ ಒಂದಿಂಚು ಆಗೋಕೆ ನೂರಾರು ವರ್ಷ ಬೇಕು. ತೊಳೆದು ಹೋಗೋಕೆ ಮರ ಕಡಿದ ಮೇಲಿನ ಒಂದೆರಡು ಮಳೆಗಾಲ ಸಾಕು.

ಅದರ ಕೆಳಗೆ ಎಷ್ಟೋ ಕಡೆ ಕೆಂಪು ಮಣ್ಣು ಅಥವಾ ಜಂಬಿಟ್ಟಿಗೆ. ತೂತು ತೂತಾಗಿರುತ್ತೆ, ನೀರನ್ನ ಸಲೀಸಾಗಿ ಕೆಳಗೆ ಬಿಡುತ್ತೆ. ಅದರ ಕೆಳಗೆ ಆ ಜಾರುವ ಜೇಡಿ. ಮಂಗಳೂರು ಕಡೆಯವರು ಶೇಡಿ ಮಣ್ಣು ಅಂತಾರೆ. ಒಣಗಿದಾಗ ಗುದ್ದಲಿಗೂ ಬಗ್ಗದ ಹಾಗೆ ಗಟ್ಟಿ. ನೀರು ಕುಡಿದರೆ ಅಂಬಲಿ. ಅದರ ಕೆಳಗೆ ಬಂಡೆ. ಮೇಲಿಂದ ಇಳಿದ ನೀರು ಶೇಡಿಯ ಹತ್ರಾನೋ ಬಂಡೆಯ ಹತ್ರಾನೋ ಬಂದು ನಿಲ್ಲುತ್ತೆ, ಮುಂದೆ ಹೋಗೋಕೆ ದಾರಿ ಇಲ್ಲ. ಮೇಲಿನ ಮಣ್ಣಿನ ತೂಕ ಹೆಚ್ಚಾಗುತ್ತೆ, ಕೆಳಗಿನ ಹಿಡಿತ ಸಡಿಲ ಆಗುತ್ತೆ. ಇಂಥ ಗುಡ್ಡದ ಬುಡವನ್ನ ನಾವು ಜೆಸಿಬಿ ತಂದು ನೇರವಾಗಿ ಕಡಿದು ಮನೆಗೆ ಜಾಗ ಮಾಡ್ತೀವಿ. ಹಾಗೆ ಕಡಿದ ಗೋಡೆಗೆ ಕೊಡಗಿನಲ್ಲಿ ಬರೆ ಅಂತಾರೆ, ಶಿವಮೊಗ್ಗ ಕಡೆ ಧರೆ. ಕುಸಿದಾಗ ನಾವು ‘ಪ್ರಕೃತಿ ವಿಕೋಪ’ ಅಂತ ಬ್ಯಾನರ್ ಹಾಕ್ತೀವಿ.

2024ರ ಜುಲೈ 16, ಅಂಕೋಲಾದ ಶಿರೂರು. ಹೆದ್ದಾರಿ ಅಗಲ ಮಾಡೋಕೆ ಗುಡ್ಡದ ಬುಡ ಕಡಿದಿದ್ದ ಜಾಗ. ರಸ್ತೆ ಬದಿಯ ಹೋಟೆಲ್, ಅಲ್ಲಿ ಚಹಾ ಕುಡಿಯೋಕೆ ನಿಂತವರು, ಲಾರಿಗಳು, ಎಲ್ಲದರ ಮೇಲೆ ಗುಡ್ಡ ಬಿತ್ತು, ಬಿದ್ದ ಮಣ್ಣು ಗಂಗಾವಳಿ ನದಿಗೆ ಹೋಯ್ತು. ಕೇರಳದ ಒಬ್ಬ ಲಾರಿ ಚಾಲಕನ ದೇಹ ಸಿಕ್ಕಿದ್ದು 70 ದಿನ ಕಳೆದ ಮೇಲೆ. ಅದಾದ ಎರಡೇ ವಾರಕ್ಕೆ, ಜುಲೈ 30ರ ನಡುರಾತ್ರಿ, ವಯನಾಡಿನ ಮುಂಡಕ್ಕೈ, ಚೂರಲ್‌ಮಲ. 200ಕ್ಕೂ ಹೆಚ್ಚು ಜೀವ.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಎಲ್ಲ ಕುಸಿತಕ್ಕೂ ಜೆಸಿಬಿಯೇ ಕಾರಣ ಅಂದರೆ ಅದು ಸುಳ್ಳು. ವಯನಾಡಿನಲ್ಲಿ ಮಣ್ಣು ಕಿತ್ತುಕೊಂಡು ಬಂದಿದ್ದು ಮೇಲಿನ ಕಾಡಿನ ಇಳಿಜಾರಿನಿಂದ. ಕೆಲವು ಗುಡ್ಡ ಯಾರೂ ಮುಟ್ಟದಿದ್ದರೂ ಬೀಳುತ್ತೆ, ಅದು ಗುಡ್ಡದ ಸ್ವಭಾವ. ಅದನ್ನ ನಾವು ತಡೆಯೋಕೆ ಆಗಲ್ಲ. ಅದು ಬೀಳುವ ದಾರಿಯಲ್ಲಿ ಯಾರ ಮನೆ ಇರಬೇಕು ಅನ್ನೋದು ಮಾತ್ರ ನಮ್ಮ ಕೈಯಲ್ಲಿದೆ.

ಇದನ್ನ ನಮ್ಮ ಹಿರಿಯರು ಪುಸ್ತಕ ಓದಿ ಕಲಿತಿರಲಿಲ್ಲ. ಕೊಡಗಿನಲ್ಲಿ ಕೆಳಗಿನ ತಗ್ಗಿಗೆ ಗದ್ದೆ, ಅದರ ಮೇಲಕ್ಕೆ ಮನೆ ಮತ್ತು ತೋಟ, ಇನ್ನೂ ಮೇಲಕ್ಕೆ ಬಾಣೆ. ಉತ್ತರ ಕನ್ನಡದಲ್ಲಿ ಕಣಿವೆಯಲ್ಲಿ ಅಡಿಕೆ, ಮೇಲೆ ಸೊಪ್ಪಿನ ಬೆಟ್ಟ. ನೆತ್ತಿಯ ಮೇಲೆ ಮಣ್ಣು ತೆಳು, ಅಲ್ಲಿ ಹುಲ್ಲು. ಆ ಹುಲ್ಲುಗಾವಲನ್ನ ಇವತ್ತು ನಾವು ‘ಪಾಳು ಬಿದ್ದ ಜಾಗ’ ಅಂತ ಕರೆದು ಅಲ್ಲಿ ರೆಸಾರ್ಟ್ ಕಟ್ಟೋಕೆ ಹೋಗ್ತೀವಿ. ಹಾಗಂತ ಹಿರಿಯರೆಲ್ಲ ಸಂತರು ಅಂತ ನಾನು ಹೇಳ್ತಿಲ್ಲ. ಬ್ರಿಟಿಷರ ಕಾಲದಲ್ಲಿ ಕಾಫಿಗೆ ಅಂತ ಎಷ್ಟು ಕಾಡು ಹೋಯ್ತು ಅನ್ನೋದು ಗೊತ್ತಿರೋ ವಿಷಯವೇ. ಆದರೂ ನೆರಳಿನ ಮರ ಉಳಿಸಿಕೊಂಡ ತೋಟ, ಬೋಳು ಮಾಡಿದ ಗುಡ್ಡಕ್ಕಿಂತ ಎಷ್ಟೋ ವಾಸಿ.

ವಿಜ್ಞಾನಿಗಳ ಲೆಕ್ಕವೂ ಹೆಚ್ಚು ಕಡಿಮೆ ಇದೇ. ಭೂಮಿಯನ್ನ ಅದರ ಸಾಮರ್ಥ್ಯ ನೋಡಿ ಅವರು 8 ವರ್ಗ ಮಾಡ್ತಾರೆ. ಮಣ್ಣಿನ ಆಳ ಎಷ್ಟು, ಇಳಿಜಾರು ಎಷ್ಟು, ನೀರು ಹೇಗೆ ಬಸಿಯುತ್ತೆ, ಎಷ್ಟು ಕೊಚ್ಚಿ ಹೋಗಿದೆ, ಇದೆಲ್ಲ ನೋಡ್ತಾರೆ. ಮೊದಲ 4 ವರ್ಗ ಉಳುಮೆಗೆ. 5ರಿಂದ 7 ಹುಲ್ಲಿಗೆ, ಮರಕ್ಕೆ. 8ನೇದನ್ನ ಅದರ ಪಾಡಿಗೆ ಬಿಡಿ ಅಂತಾರೆ. ಈ ಇಳಿಜಾರಿನ ಲೆಕ್ಕದಲ್ಲಿ ನಮ್ಮವರು ಮೋಸ ಹೋಗ್ತಾರೆ. ಶೇ. 30 ಇಳಿಜಾರು ಅಂದರೆ 30 ಡಿಗ್ರಿ ಅಲ್ಲ. 100 ಅಡಿ ಮುಂದಕ್ಕೆ ಹೋದಾಗ 30 ಅಡಿ ಮೇಲೇರಿದ್ದೀರಿ ಅಂತ, ಸುಮಾರು 17 ಡಿಗ್ರಿ. ಕಣ್ಣಿಗೆ ಅದು ಅಂಥಾ ಕಡಿದು ಅನಿಸೋದೇ ಇಲ್ಲ. ‘ಇಷ್ಟೇ ತಾನೇ, ಲೆವೆಲ್ ಮಾಡಿಸೋಣ’ ಅನಿಸುತ್ತೆ.

ಈ ಕೆಲಸ ಮಾಡೋಕೆ ಅಂತಲೇ ದೇಶದ ಮಣ್ಣು ಸಮೀಕ್ಷೆಯ ಸಂಸ್ಥೆ ನಾಗಪುರದಲ್ಲಿದೆ, ಅದರ ಒಂದು ಪ್ರಾದೇಶಿಕ ಕೇಂದ್ರ ನಮ್ಮ ಬೆಂಗಳೂರಿನ ಹೆಬ್ಬಾಳದಲ್ಲೇ ಇದೆ. ಕರ್ನಾಟಕದ ಮಣ್ಣಿನ ನಕ್ಷೆ ಇದೆ. ಹಾಗಿದ್ದರೆ ಗುಡ್ಡದ ಜಮೀನಿನ ಕನ್ವರ್ಷನ್ ಫೈಲ್ ಬಂದಾಗ ಆ ನಕ್ಷೆ ಮೇಜಿನ ಮೇಲೆ ಬಿಚ್ಚೋದು ಯಾಕೆ ಕಡ್ಡಾಯ ಆಗಬಾರದು? ಭೂ ಕಂದಾಯ ಕಾಯ್ದೆಯ 95ನೇ ಕಲಂ ಅಡಿ ಕೃಷಿ ಜಮೀನನ್ನ ಬೇರೆ ಬಳಕೆಗೆ ಪರಿವರ್ತನೆ ಮಾಡಿಸಿಕೊಳ್ಳೋಕೆ ಜನ ಕಚೇರಿಗೆ ಅಲೆಯೋದು ನಾನೇ ನೋಡಿದ್ದೀನಿ. ನನ್ನ ಪರಿಚಯದವರೊಬ್ಬರ ಕಡತವನ್ನ ಪೂರ್ತಿ ತಿರುವಿ ಹಾಕಿದ್ದೀನಿ. ಹಕ್ಕುದಾರ ಯಾರು, ತಕರಾರು ಇದೆಯಾ, ಶುಲ್ಕ ಕಟ್ಟಿದ್ದಾರಾ, ಎಲ್ಲ ಇತ್ತು. ಜಾಗ ಗುಡ್ಡದ ಮೇಲಿದೆ ಅನ್ನೋ ಒಂದು ಸಾಲು ಇರಲಿಲ್ಲ.

ಗಾಡ್ಗೀಳ್ ಸಮಿತಿ ವರದಿ ಬಂದಿದ್ದು 2011ರಲ್ಲಿ, ಕಸ್ತೂರಿರಂಗನ್ ವರದಿ 2013ರಲ್ಲಿ. 2024ರ ಸೆಪ್ಟೆಂಬರ್‌ನಲ್ಲಿ, ಅಂದರೆ ಶಿರೂರು ಆಗಿ ಎರಡು ತಿಂಗಳಿಗೆ, ನಮ್ಮ ಸಚಿವ ಸಂಪುಟ ಕಸ್ತೂರಿರಂಗನ್ ವರದಿ ಬೇಡ ಅಂತ ತೀರ್ಮಾನ ಮಾಡಿತು. ಮಲೆನಾಡಿನ ಜನರ ಭಯ ನನಗೆ ಅರ್ಥ ಆಗುತ್ತೆ. ಮನೆ ಮೇಲೆ ಹೆಂಚು ಹೊದಿಸೋಕೂ ಪರ್ಮಿಶನ್ ಕೇಳಬೇಕಾಗುತ್ತಾ ಅನ್ನೋ ಭಯ. ಆ ವರದಿ ಬೇಡ ಅಂದ್ರಿ, ಆಯ್ತು ಸ್ವಾಮಿ. ಅದರ ಬದಲು ಏನು? ಈ ಬರೆಯ ಕೆಳಗೆ ಮನೆ ಬೇಡ, ಈ ತಗ್ಗಿನಲ್ಲಿ ಕಟ್ಟಬಹುದು ಅಂತ ಊರೂರಿಗೆ ಯಾರು ಹೇಳ್ತಾರೆ? ಉತ್ತರ ಬಂದಿಲ್ಲ.

ಘಟ್ಟದ ಮೇಲೆ ಮನೆ ಇರುವವರಿಗೆ ಈ ಮಳೆಗಾಲಕ್ಕೆ ಒಂದೆರಡು ಮಾತು. ಹಿತ್ತಲ ನೆಲದಲ್ಲಿ ಉದ್ದಕ್ಕೆ ಬಿರುಕು ಬಿಟ್ಟಿದೆಯಾ? ನೆಟ್ಟಗಿದ್ದ ಮರ, ಕಂಬ ವಾಲಿದೆಯಾ? ಬಾಗಿಲು ಇದ್ದಕ್ಕಿದ್ದಂತೆ ಚೌಕಟ್ಟಿಗೆ ಕಚ್ಚಿಕೊಳ್ತಿದೆಯಾ? ಇಲ್ಲದ ಕಡೆ ಹೊಸ ಒರತೆ ಎದ್ದಿದೆಯಾ, ತಿಳಿಯಾಗಿದ್ದ ಒರತೆ ಕೆಂಪಗಾಗಿದೆಯಾ? ಹಾಗಿದ್ದರೆ ಬೆಳಗಾಗಲಿ ನೋಡೋಣ ಅನ್ನಬೇಡಿ. ದನಕರು ಬಿಚ್ಚಿ, ಮಕ್ಕಳನ್ನ ಕರ್ಕೊಂಡು ಹೊರಡಿ. ಮತ್ತೆ, ಇಂಗುಗುಂಡಿ ಒಳ್ಳೇದು ಅಂತ ಎಲ್ಲ ಕಡೆ ತೋಡೋಕೆ ಹೋಗಬೇಡಿ. ಕೋಲಾರದ ಬಯಲಿಗೆ ಅದು ವರ. ಶೇಡಿ ಮಣ್ಣಿನ ಕಡಿದಾದ ಗುಡ್ಡದ ನೆತ್ತಿಯಲ್ಲಿ ತೋಡಿದರೆ, ಗುಡ್ಡದ ಹೊಟ್ಟೆಗೆ ನೀವೇ ನೀರು ತುಂಬಿದ ಹಾಗೆ. ಅಂಥ ಕಡೆ ನೀರನ್ನ ಚರಂಡಿ ಹಿಡಿಸಿ ಹೊರಗೆ ಹರಿಸಬೇಕು.

ಮಕ್ಕಂದೂರಿನ ಆ ಹಿರಿಯರು ಮೊನ್ನೆ ಫೋನ್ ಮಾಡಿದ್ದರು. ಉಳಿದ ಅರ್ಧ ತೋಟ ಕೇಳಿಕೊಂಡು ಬೆಂಗಳೂರಿನವರೊಬ್ಬರು ಬಂದಿದ್ದರಂತೆ, ಹೋಂಸ್ಟೇ ಮಾಡೋಕೆ. ಸೀಳಿದ ಜಾಗದ ಅಂಚಿನಲ್ಲಿ ನಿಂತು ಕಣಿವೆ ನೋಡಿ ‘ವ್ಯೂ ಸೂಪರ್’ ಅಂದರಂತೆ. ನೀರು ಇದೆಯಾ ಕೇಳಿದರು, ರಸ್ತೆ ಇದೆಯಾ ಕೇಳಿದರು, ನೆಟ್‌ವರ್ಕ್ ಸಿಗುತ್ತಾ ಕೇಳಿದರು. ‘ಈ ಕಡೆ ಅರ್ಧ ಯಾಕಿಲ್ಲ ಅಂತ ಕೇಳ್ತಾರೇನೋ ಅಂತ ಕಾದೆ ಇವ್ರೇ’ ಅಂದರು. ಅವರು ಕೇಳಲಿಲ್ಲವಂತೆ. ಇವರು ಕೊಡಲಿಲ್ಲ.