ಬೆನಗಲ್ ನರಸಿಂಗ ರಾಯರು ಅಮೆರಿಕವನ್ನು ಓದಿದ ಬಗೆ

ಇಂದು ಪದವಿ ಪಡೆಯುತ್ತಿರುವ ಗೆಳೆಯರೆ,

ಅಮೆರಿಕದ ಅಧ್ಯಕ್ಷ, ಕಾಂಗ್ರೆಸ್, ಸುಪ್ರೀಂ ಕೋರ್ಟು ಇವನ್ನೆಲ್ಲ ಮುಂಬಯಿಯ ಕಾಂದಿವಲಿಯಲ್ಲಿ ಕೂತು ಯಾಕೆ ಓದಬೇಕು ಎಂದು ಮನೆಯಲ್ಲಿ ಯಾರಾದರೂ ಕೇಳಿದರೆ, ಮಂಗಳೂರು ಕಡೆಯ ಬೆನಗಲ್ ನರಸಿಂಗ ರಾಯರ ಹೆಸರು ಹೇಳಿ.

ರಾಯರು ನಮ್ಮ ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದವರು. 1947ರ ಕೊನೆಯಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ನ್ಯಾಯಯುತ ಕ್ರಮವಿಲ್ಲದೆ ಯಾರ ಜೀವವನ್ನೂ ಸ್ವಾತಂತ್ರ್ಯವನ್ನೂ ಕಸಿಯಬಾರದು ಎಂಬ ‘ಡ್ಯೂ ಪ್ರಾಸೆಸ್’ ರಕ್ಷಣೆ ಆಗ ನಮ್ಮ ಕರಡಿನಲ್ಲಿತ್ತು. ಅಮೆರಿಕದಿಂದಲೇ ತಂದದ್ದು. ಅದು ಬೇಡವೆಂದವರು ಆ ದೇಶದ ನ್ಯಾಯಮೂರ್ತಿಯೇ!

ಕಾರಣವಿತ್ತು. ನ್ಯೂಯಾರ್ಕ್ ರಾಜ್ಯ ಬೇಕರಿ ಕೆಲಸಗಾರರ ದುಡಿಮೆಗೆ ದಿನಕ್ಕೆ 10, ವಾರಕ್ಕೆ 60 ಗಂಟೆಯ ಮಿತಿ ಹಾಕಿತ್ತು. 1905ರಲ್ಲಿ ಲಾಕ್ನರ್ ಮೊಕದ್ದಮೆಯಲ್ಲಿ 9 ನ್ಯಾಯಮೂರ್ತಿಗಳ ಪೈಕಿ 5 ಮಂದಿ, ಇದು ಮಾಲೀಕ ಮತ್ತು ಆಳು ತಮ್ಮೊಳಗೆ ಕರಾರು ಮಾಡಿಕೊಳ್ಳುವ ಸ್ವಾತಂತ್ರ್ಯಕ್ಕೆ ಅಡ್ಡಿ ಎಂದು, ಡ್ಯೂ ಪ್ರಾಸೆಸ್ ಹೆಸರಿನಲ್ಲಿಯೇ, ಆ ಮಿತಿಯನ್ನು ತೆಗೆದುಹಾಕಿದರು. ಹಸಿದವನಿಗೆ ಅದೆಂಥ ಸ್ವಾತಂತ್ರ್ಯ? ಕೋರ್ಟು ದಾರಿ ಬದಲಿಸಿದ್ದು 1937ರಲ್ಲಿ, ಎಲ್ಸಿ ಪ್ಯಾರಿಶ್ ಎಂಬ ಹೋಟೆಲ್ ಕೆಲಸದಾಕೆ ಕನಿಷ್ಠ ಕೂಲಿಗಾಗಿ ಹೂಡಿದ ಮೊಕದ್ದಮೆಯಲ್ಲಿ. ಆಗಲೂ ಗೆಲುವು 5–4ರಲ್ಲಿ.

ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿದವರು ಕಟ್ಟಿದ ಮುಂಬಯಿ ಇದು. ಕೆಲಸಕ್ಕೆ ಕೊನೆಯ ಗಂಟೆಯೆಂಬುದೇ ಇಲ್ಲದಿದ್ದರೆ ಅವರು ರಾತ್ರಿ ಶಾಲೆಯ ಮೆಟ್ಟಿಲು ಹತ್ತುತ್ತಿದ್ದರೇ? 1948ರ ಬಾಂಬೆ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ಹೋಟೆಲಿನವರಿಗೆ ದಿನಕ್ಕೆ 9 ಗಂಟೆಯ ಮಿತಿ ಹಾಕಿತು. ಇಂಥ ಕಾಯ್ದೆಗಳು ಕೋರ್ಟಿನಲ್ಲಿ ಮುರಿದುಬೀಳಬಾರದು ಎಂಬುದೇ ರಾಯರ ಕಾಳಜಿ.

ಕೊನೆಗೆ ಡ್ಯೂ ಪ್ರಾಸೆಸ್ ಹೋಗಿ, ಕಾನೂನು ಗೊತ್ತುಪಡಿಸಿದ ಕಾರ್ಯವಿಧಾನವಿದ್ದರೆ ಸಾಕು ಎಂಬ 21ನೆಯ ವಿಧಿ ಬಂತು. ಅದಕ್ಕೆ ನಾವು ಬೆಲೆಯನ್ನೂ ತೆತ್ತೆವು. 1950ರಲ್ಲಿ, ವಿಚಾರಣೆಯಿಲ್ಲದೆ ಬಂಧನದಲ್ಲಿದ್ದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರಿಗೆ ಆ ವಿಧಿ ನೆರವಾಗಲಿಲ್ಲ. ಕಾರ್ಯವಿಧಾನವೂ ನ್ಯಾಯಯುತವಾಗಿರಬೇಕು ಎಂದು ನಮ್ಮ ಸುಪ್ರೀಂ ಕೋರ್ಟು ಹೇಳಿದ್ದು 1978ರ ಮೇನಕಾ ಗಾಂಧಿ ಮೊಕದ್ದಮೆಯಲ್ಲಿ. ರಾಯರು ಕೂಲಿಯವನನ್ನು ಕಾಯಲು ಹೊರಟಾಗ ಸೆರೆಯಾಳಿನ ಕಾವಲು ಸಡಿಲವಾಯಿತು. ಆದರೂ ಅವರ ಓದು ಸರಿಯಾದ ಓದು ಎಂದೇ ನಾನು ನಂಬುತ್ತೇನೆ. ಒಂದು ದೇಶದ ಹೆಮ್ಮೆಯ ಮಾತು ಆ ದೇಶದ ಬಡವನಿಗೆ ಏನು ಮಾಡಿತು ಎಂದು ಅವರು ನೋಡಿದರು.

ನಿಮ್ಮಲ್ಲಿ ಎಂ.ಎ.ಗೆ, ಕಾನೂನಿಗೆ ಹೋಗುವವರು 1948ರ ಡಿಸೆಂಬರ್ 6 ಮತ್ತು 13ರ ಸಂವಿಧಾನ ರಚನಾ ಸಭೆಯ ಚರ್ಚೆಯನ್ನು ಓದಿ. ಮುಂಬಯಿಯ ವಕೀಲ ಕೆ.ಎಂ. ಮುನ್ಷಿ ಡ್ಯೂ ಪ್ರಾಸೆಸ್ ಬೇಕೆಂದು ವಾದಿಸುತ್ತಾರೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿಬಂದ ಅಂಬೇಡ್ಕರರು ಎರಡೂ ಕಡೆಯ ಅಪಾಯಗಳನ್ನು ಬಿಡಿಸಿಟ್ಟು, ತೀರ್ಮಾನವನ್ನು ಸಭೆಗೇ ಬಿಡುತ್ತಾರೆ. ನೀವು ಆ ಸಭೆಯಲ್ಲಿದ್ದಿದ್ದರೆ ಯಾವ ಕಡೆ ಕೈ ಎತ್ತುತ್ತಿದ್ದಿರಿ ಎಂದು ಕಾರಣ ಸಮೇತ ಬರೆಯಿರಿ, ನಿಮ್ಮ ಅಧ್ಯಾಪಕರೊಂದಿಗೆ ಜಗಳವಾಡಿ.