ಮುಕ್ಕಾಲು ಗಂಟೆಯ ಬಿಡುವು

ಸ್ವಿಟ್ಜರ್ಲೆಂಡಿನ ಲೂಸರ್ನ್ ನಗರವನ್ನು ಬೆಳಿಗ್ಗೆ ಬಿಟ್ಟ ನಮ್ಮ ಪ್ರವಾಸಿ ಬಸ್ಸು ಸಂಜೆಗೆ ಇಟಲಿಯ ಫ್ಲಾರೆನ್ಸನ್ನು ಸೇರಬೇಕಿತ್ತು. 500 ಕಿಲೋಮೀಟರಿಗೂ ಮಿಕ್ಕ ದಾರಿ. ಹಿಂದಿನವರು ಆಲ್ಪ್ಸ್ ಪರ್ವತವನ್ನು ದಾಟಲು 2,100 ಮೀಟರ್ ಎತ್ತರದ ಗೊಥಾರ್ಡ್ ಘಟ್ಟವನ್ನು ಹಿಮಕ್ಕೆ ಅಂಜುತ್ತ ಏರಿಳಿಯುತ್ತಿದ್ದರು. ನಾವಾದರೋ 1980ರಲ್ಲಿ ತೆರೆದ, ಸುಮಾರು 17 ಕಿಲೋಮೀಟರ್ ಉದ್ದದ ಸುರಂಗವನ್ನು ಹೊಕ್ಕು ಕಾಲು ಗಂಟೆಯಲ್ಲಿ ಹೊರಬಂದೆವು. ಹೊಕ್ಕ ಕಡೆ ಜನರ ಮಾತು ಜರ್ಮನ್. ಹೊರಬಂದ ಕಡೆ, ಅದೇ ದೇಶದಲ್ಲಿಯೇ, ಇಟಾಲಿಯನ್. ಈ ಸೋಜಿಗದ ಹೊತ್ತಿನಲ್ಲಿ ನಮ್ಮಲ್ಲಿ ಅನೇಕರು ತೂಕಡಿಸುತ್ತಿದ್ದರು.

ಇಟಲಿಯ ಬಯಲಿಗಿಳಿದು ಪೋ ನದಿಯನ್ನು ದಾಟಿದ ಮೇಲೆ ಚಾಲಕ ಬಸ್ಸನ್ನು ನಿಲ್ಲಿಸಿದ. ನಾಲ್ಕೂವರೆ ಗಂಟೆ ಓಡಿಸಿದವನು 45 ನಿಮಿಷ ವಿರಮಿಸಲೇಬೇಕೆಂಬುದು ಅಲ್ಲಿನ ಕಾಯಿದೆ; ಓಡಿದ್ದು, ನಿಂತದ್ದು ಎಲ್ಲವನ್ನೂ ಬಸ್ಸಿನೊಳಗಿನ ಯಂತ್ರವೊಂದು ದಾಖಲಿಸುತ್ತದೆ. ಹೊತ್ತು ಹಾಳಾಯಿತೆಂದು ಗೊಣಗಿದವರಲ್ಲಿ ನಾನೂ ಒಬ್ಬ. ಆತ ಚುಕ್ಕಾಣಿಯ ಮೇಲೆ ತಲೆಯಿಟ್ಟು ಮಲಗಿದ. ಆ ಬಳಲಿದ ಮುಖವನ್ನು ಕಂಡು ನಾಚಿಕೆಯಾಯಿತು. ನಮ್ಮೆಲ್ಲರ ಪ್ರಾಣ ಆತನ ಎಚ್ಚರವನ್ನೇ ನಂಬಿತ್ತು.

ಸದ್ದಿಲ್ಲದೆ ಕೆಳಗಿಳಿದೆ. ಬೇಲಿಯಾಚೆ ಟೊಮೇಟೊ ಹೊಲ, ಪಾಪ್ಲರ್ ಮರಗಳ ಸಾಲು, ಕಾದ ಮಣ್ಣಿನ ವಾಸನೆ. ಆ ದೀರ್ಘ ದಿನದಲ್ಲಿ ನಾನು ನಿಜವಾಗಿ ಕಂಡದ್ದು ಇಷ್ಟನ್ನೇ. ಇಂದಿಗೂ ಇಟಲಿಯೆಂದರೆ ನನಗೆ ಮೊದಲು ನೆನಪಾಗುವುದು ಆ ಹೊಲ, ಮತ್ತು ಆ ಚಾಲಕನ ನಿದ್ದೆ.