ಯಂತ್ರಕ್ಕೆ ಕೈ ಗೊತ್ತಾಗಬೇಕು

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಐಟಿಯವಳು ಮಾತಾಡುತ್ತಾಳೆ ಅಂದಾಗ ಆನ್‌ಲೈನ್ ಮೋಸ, ಪಾಸ್‌ವರ್ಡ್ ಇಂಥ ವಿಷಯ ಇರಬಹುದು ಅಂದುಕೊಂಡು ಬಂದಿರುತ್ತೀರಿ. ಇವತ್ತು ನಾನು ಹೇಳಹೊರಟಿರುವುದು ಒಂದು ಪುಟ್ಟ ಪೆಟ್ಟಿಗೆಯ ಬಗ್ಗೆ, ಮತ್ತು ನಮ್ಮತ್ತೆಯ ಕೈಯ ಬಗ್ಗೆ.

ಪೆಟ್ಟಿಗೆಯ ಹೆಸರು ಪ್ಯಾಡ್ ಕಂಟ್ರೋಲರ್. ಕಂಪ್ಯೂಟರಿನಲ್ಲಿ ಸಂಗೀತ ಮಾಡುವವರ ಮೇಜಿನ ಮೇಲೆ ನೋಡಿರುತ್ತೀರಿ. ಸಾಮಾನ್ಯವಾಗಿ ನಾಲ್ಕು ಸಾಲು, ಸಾಲಿಗೆ ನಾಲ್ಕು, ಒಟ್ಟು 16 ರಬ್ಬರ್ ಚೌಕಗಳು. ಅದಕ್ಕೆ ಸ್ವಂತ ನಾದವಿಲ್ಲ. ಬೆರಳಿನಿಂದ ತಟ್ಟಿದರೆ ‘ಇಂಥ ಚೌಕ, ಇಷ್ಟು ಜೋರು’ ಎಂದು ಸಾಫ್ಟ್‌ವೇರಿಗೆ ಹೇಳುತ್ತದೆ. ಸಾಫ್ಟ್‌ವೇರು ಮೊದಲೇ ರೆಕಾರ್ಡ್ ಮಾಡಿಟ್ಟ ನಾದವನ್ನು ನುಡಿಸುತ್ತದೆ. ಅಮೆರಿಕದ ರೋಜರ್ ಲಿನ್ ಎಂಬ ಎಂಜಿನಿಯರು ಅಕಾಯ್ ಕಂಪನಿಗಾಗಿ ವಿನ್ಯಾಸ ಮಾಡಿದ, 1988ರಲ್ಲಿ ಬಂದ ಎಂಪಿಸಿ 60 ಯಂತ್ರದಿಂದ ಈ 16 ಚೌಕಗಳ ರೂಪ ಮನೆಮಾತಾಯಿತು. ಹಿಪ್‌ಹಾಪ್ ಸಂಗೀತಗಾರರು ಅದನ್ನು ನಿಜವಾದ ವಾದ್ಯದಂತೆಯೇ ನುಡಿಸಿದರು.

ಇನ್ನು ನಮ್ಮತ್ತೆ. ಅವರು ಧಾರವಾಡದ ಕಡೆಯವರು. ಭಜನಾ ಮಂಡಳಿಯಲ್ಲಿ ವರ್ಷಗಟ್ಟಲೆ ತಬಲಾ ಬಾರಿಸಿದವರು. ನಮ್ಮ ಜೊತೆ ಫ್ಲ್ಯಾಟಿಗೆ ಬಂದ ಮೇಲೆ ಪಕ್ಕದ ಮನೆಯವರಿಗೆ ತೊಂದರೆ ಅಂತ ಬಾರಿಸುವುದು ಕಡಿಮೆಯಾಯಿತು. ಆಮೇಲೆ ಸಂಧಿವಾತ ಬಂದು ಬೆರಳಿನ ಗೆಣ್ಣು ಊದಿಕೊಂಡವು. ಒಂದು ದಿನ ತಬಲಾ ಜೋಡಿಯನ್ನು ಹಳೇ ಸೀರೆಯಲ್ಲಿ ಕಟ್ಟಿ ಕಪಾಟಿನ ಮೇಲಿಡಿಸಿದರು. ಏನೂ ಹೇಳಲಿಲ್ಲ.

ನನಗೆ ತೋಚಿದ್ದು ಪ್ಯಾಡ್. ರಬ್ಬರು ಮೆತ್ತಗಿರುತ್ತದೆ, ಹೆಡ್‌ಫೋನ್ ಹಾಕಿಕೊಂಡರೆ ಪಕ್ಕದ ಮನೆಗೂ ಕೇಳಿಸದು. ಒಂದು ಕೊಂಡು ತಂದು, ತಬಲಾದ ಬೋಲ್‌ಗಳನ್ನು ಚೌಕಗಳಿಗೆ ಹೊಂದಿಸಿ ಅವರ ಮುಂದಿಟ್ಟೆ. ಅತ್ತೆ ಕೇರ್ವಾ ಶುರು ಮಾಡಿದರು. ಎಂಟು ಮಾತ್ರೆಯಲ್ಲಿ ಮೂರೋ ನಾಲ್ಕೋ ಕೇಳಿದವು. ನಾನು, “ಸ್ವಲ್ಪ ಜೋರಾಗಿ ಹೊಡೀರಿ ಅತ್ತೆ” ಅಂದೆ. ಅವರು ಇನ್ನೊಂದು ಸಲ ಪ್ರಯತ್ನಿಸಿ ಕೈ ಹಿಂದೆ ತಗೊಂಡರು. “ನಾ ಬಾರಿಸಲಿಕ್ಕೆ ಹತ್ತೀನಿ, ಅದಕ್ಕ ಕೇಳಸವಲ್ತು. ಇರ್ಲಿ ಬಿಡವಾ, ನನ್ನ ಕೈನೇ ಹೋತು,” ಅಂದರು.

ಆ ಮಾತು ನನಗೆ ನಿದ್ದೆ ಕೊಡಲಿಲ್ಲ. ತಬಲಾ ಕೊಳ್ಳುವಾಗ ನಾವು ಕೈಯಿಟ್ಟು ನೋಡಿ ಆರಿಸುತ್ತೇವೆ. ಶ್ರುತಿ ತಪ್ಪಿದರೆ ಗಟ್ಟಾ ಸರಿಸಿ, ಸುತ್ತಿಗೆಯಿಂದ ತಟ್ಟಿ ಸರಿಮಾಡುತ್ತೇವೆ. ಅಂದರೆ ವಾದ್ಯ ನಮ್ಮ ಕಡೆಗೆ ಬಾಗುತ್ತದೆ. ಈ ಪೆಟ್ಟಿಗೆ ಮಾತ್ರ ನನ್ನ ಅತ್ತೆಗೆ ನಿನ್ನ ಕೈಯೇ ಸರಿಯಿಲ್ಲ ಅಂದುಬಿಟ್ಟಿತು. ಅದಕ್ಕೆ ನಾನೂ ದನಿಗೂಡಿಸಿದ್ದೆ.

ಒಳಗೆ ನಡೆಯುವುದು ಇಷ್ಟು. ರಬ್ಬರಿನ ಕೆಳಗೆ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ. ಒತ್ತಿದಷ್ಟೂ ಅದರ ವಿದ್ಯುತ್ ರೋಧ ಕಡಿಮೆಯಾಗುತ್ತದೆ. ಅದನ್ನು ಒಂದು ಪುಟ್ಟ ಚಿಪ್ ಸಂಖ್ಯೆಯಾಗಿ ಓದುತ್ತದೆ. ಒಂದು ಗಡಿಗಿಂತ ಕಡಿಮೆಯಿದ್ದರೆ ಅದು ಪೆಟ್ಟೇ ಅಲ್ಲ ಎಂದು ಬಿಟ್ಟುಬಿಡುತ್ತದೆ. ಗಡಿ ದಾಟಿದ್ದನ್ನು 1ರಿಂದ 127ರವರೆಗಿನ ಅಂಕಿಯಾಗಿಸಿ ಕಳಿಸುತ್ತದೆ. ಈ 127ರ ಲೆಕ್ಕ 1983ರಲ್ಲಿ ಬಂದ ಮಿಡಿ ಎಂಬ ಪದ್ಧತಿಯದು. ನಾನು ತಂದ ಪ್ಯಾಡಿನಲ್ಲಿ ‘ಮೃದು’ ಎಂಬ ಆಯ್ಕೆಯೂ ಇತ್ತು. ಆದರೆ ಅದು ಗಡಿ ದಾಟಿ ಬಂದ ಪೆಟ್ಟನ್ನಷ್ಟೇ ದೊಡ್ಡದು ಮಾಡುತ್ತಿತ್ತು. ಬಾಗಿಲಲ್ಲೇ ತಡೆದ ಪೆಟ್ಟಿಗೆ ಅದರಿಂದ ಉಪಯೋಗವಿಲ್ಲ.

ಎಂ.ಟೆಕ್‌ನಲ್ಲಿ ಸಿಗ್ನಲ್ ಪ್ರೊಸೆಸಿಂಗ್ ಓದಿದ್ದೆ, ಕೆಲಸದಲ್ಲಿ ಅದರ ಗಾಳಿಯೂ ಇರಲಿಲ್ಲ. ಸೆನ್ಸರು, ಮೈಕ್ರೋಕಂಟ್ರೋಲರು, ಸಿಲಿಕೋನ್ ಹಾಳೆ ತರಿಸಿ ಶನಿವಾರ ಭಾನುವಾರ ಊಟದ ಮೇಜಿನ ಮೇಲೆ ನಾನೇ ಒಂದು ಪ್ಯಾಡ್ ಕಟ್ಟತೊಡಗಿದೆ. ನನ್ನ ಚಿಪ್ 0ಯಿಂದ 1023ರವರೆಗೆ ಓದುತ್ತಿತ್ತು. ನಾನು ಜೋರಾಗಿ ತಟ್ಟಿದರೆ 900 ದಾಟುತ್ತಿತ್ತು. ಗಡಿಯನ್ನು 100ಕ್ಕೆ ಇಟ್ಟು, ತುಂಬ ಸೂಕ್ಷ್ಮವಾಯಿತು ಅಂತ ಬೀಗಿದೆ. ಅತ್ತೆಯನ್ನು ಕೂರಿಸಿ ಅಳೆದರೆ, ಅವರ ಮೃದು ಪೆಟ್ಟು 60ರ ಹತ್ತಿರ, ಅತಿ ಜೋರಿನದು 250. ಅಂದರೆ ಆ ಕಂಪನಿಯವರು ಮಾಡಿದ ತಪ್ಪನ್ನೇ ನಾನೂ ಮಾಡಿದ್ದೆ. ನನ್ನ ಕೈಯನ್ನೇ ಎಲ್ಲರ ಕೈ ಅಂದುಕೊಂಡಿದ್ದೆ.

ಗಡಿಯನ್ನು ಇಳಿಸಿದರಾಯಿತಲ್ಲ ಅನ್ನುತ್ತೀರಿ. ಇಳಿಸಿದೆ. ಆಗ ದೆವ್ವ ಹೊಕ್ಕಂತಾಯಿತು! ಒಂದು ಚೌಕ ತಟ್ಟಿದರೆ ಅದರ ಅದುರು ಪಕ್ಕದ ಚೌಕಕ್ಕೂ ಸೋರಿ, ಅದೂ ನುಡಿಯುತ್ತಿತ್ತು. ಬೆರಳು ಎದ್ದಾಗ ರಬ್ಬರು ಕುಣಿದು ಒಂದೇ ಪೆಟ್ಟು ಎರಡಾಗುತ್ತಿತ್ತು. ಗಡಿಯನ್ನು ಎತ್ತರಕ್ಕಿಡುವುದು ಈ ತೊಂದರೆಗಳಿಗೆ ಸುಲಭದ ಪರಿಹಾರ. ಅದರ ಬೆಲೆ ತೆರುವವರು ಮೃದು ಕೈಯವರು.

ಹಾಗಾಗಿ ಬೇರೆ ದಾರಿ ಹಿಡಿದೆ. ಪೆಟ್ಟು ಬಿದ್ದ ಕೂಡಲೇ ನಿರ್ಧಾರ ಮಾಡದೆ 2 ಮಿಲಿಸೆಕೆಂಡ್ ಕಾದು, ಎಲ್ಲ ಚೌಕಗಳನ್ನೂ ಹೋಲಿಸಿ, ದೊಡ್ಡ ಪೆಟ್ಟಿನ ನೆರಳಿನಂತಿರುವ ಚಿಕ್ಕದನ್ನು ಮಾತ್ರ ಅಳಿಸುವುದು. ಕಾದರೆ ತಡವಾಗುವುದಿಲ್ಲವೇ? ತಬಲಾದಿಂದ ಮೂರು ಮೀಟರ್ ದೂರ ಕೂತವರಿಗೆ ನಾದ ತಲುಪಲು ಸುಮಾರು 9 ಮಿಲಿಸೆಕೆಂಡ್ ಬೇಕು. 2 ಮಿಲಿಸೆಕೆಂಡನ್ನು ಕೈ ಕ್ಷಮಿಸುತ್ತದೆ. ಇನ್ನೊಂದು, ಶುರುವಿನಲ್ಲಿ ಹತ್ತು ಸಲ ಮೆಲ್ಲಗೆ, ಹತ್ತು ಸಲ ಜೋರಾಗಿ ಬಾರಿಸಿಸಿಕೊಂಡು, ಅವರವರ ಕೈಯ ವ್ಯಾಪ್ತಿಯನ್ನೇ 1ರಿಂದ 127ಕ್ಕೆ ಹಿಗ್ಗಿಸುವುದು. ಅತ್ತೆಯ 250 ಈಗ ಪೂರ್ತಿ 127.

ಅತ್ತೆ ಮತ್ತೆ ಕೂತರು. ಈ ಸಲ ಎಂಟಕ್ಕೆ ಎಂಟೂ ಕೇಳಿದವು. ನಾನು ಹೊಗಳಿಕೆಗೆ ಕಾದಿದ್ದೆ. ಅವರು, “ನಾ ಎಲ್ಲೆ ಹೊಡದ್ರೂ ಒಂದ ನಮೂನಿ ಕೇಳ್ತದ. ಘೆ ಅಂತೂ ಸತ್ತಂಗದ,” ಅಂದರು. ಅವರ ಮಾತು ನಿಜ. ತಬಲಾದ ಅಂಚಿನಲ್ಲಿ ಬಾರಿಸಿದರೆ ‘ನಾ’, ಒಳಗೆ ಬಾರಿಸಿದರೆ ‘ತಿನ್’. ಚೌಕಕ್ಕೆ ಜಾಗದ ಅರಿವೇ ಇಲ್ಲ. ಡಗ್ಗಾದ ‘ಘೆ’ಗೆ ಜೀವ ಬರುವುದು ಪೆಟ್ಟಿನ ನಂತರ ಅಂಗೈ ಬುಡ ಒತ್ತಿ ಜಾರಿಸುವುದರಿಂದ. ಬಹಳಷ್ಟು ಅಗ್ಗದ ಪ್ಯಾಡ್‌ಗಳು ಪೆಟ್ಟಿನ ನಂತರದ ಒತ್ತಡವನ್ನು ಕಳಿಸಿದರೂ ಎಲ್ಲ ಚೌಕಗಳಿಗೂ ಸೇರಿ ಒಂದೇ ಅಂಕಿ ಕಳಿಸುತ್ತವೆ. ಅದನ್ನು ಸ್ವರ ಜಾರಿಸಲು ಬಳಸಿದರೆ ಡಗ್ಗಾದ ಜೊತೆ ತಬಲಾವೂ ಜಾರುತ್ತದೆ! 2018ರಲ್ಲಿ ಒಪ್ಪಿತವಾದ ಎಂಪಿಇ ಪದ್ಧತಿಯಲ್ಲಿ ಪ್ರತಿ ಸ್ವರಕ್ಕೂ ಬೇರೆ ದಾರಿಯಿದೆ. ಡಗ್ಗಾಕ್ಕೆ ಅದನ್ನೇ ಬಳಸಿದೆ.

ಜಾಗದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಎಲ್ಲಿ ಗೊತ್ತೇ? ನಾನು ತಿಂಗಳುಗಟ್ಟಲೆ ಅಳಿಸುತ್ತಿದ್ದ ಆ ಸೋರಿಕೆಯಲ್ಲಿ. ನಾಲ್ಕು ಸೆನ್ಸರುಗಳ ಮೇಲೆ ಒಂದೇ ದೊಡ್ಡ ಹಾಳೆ ಹಾಸಿದೆ. ಬೆರಳು ಯಾವುದಕ್ಕೆ ಹತ್ತಿರವೋ ಅದಕ್ಕೆ ಹೆಚ್ಚು ಪಾಲು, ಉಳಿದವಕ್ಕೆ ಕಡಿಮೆ. ನಾಲ್ಕರ ಪಾಲು ನೋಡಿದರೆ ಬೆರಳು ಬಿದ್ದ ಜಾಗ ತಿಳಿಯುತ್ತದೆ. ಜಾಗ ದೊಡ್ಡದಾದ್ದರಿಂದ ಊದಿದ ಗೆಣ್ಣುಗಳಿಗೂ ಆರಾಮ.

ಇದು ದೊಡ್ಡ ಆವಿಷ್ಕಾರವೇನಲ್ಲ. ನನ್ನ ಪೆಟ್ಟಿಗೆ ನೋಡಲು ಚೆಂದವಿಲ್ಲ, ತಂತಿಗಳು ಹೊರಗೇ ಇವೆ. ಅತ್ತೆಯ ನೋವೂ ಹೋಗಿಲ್ಲ, ಕೆಲವು ದಿನ ಅವರು ಅದನ್ನು ಮುಟ್ಟುವುದೇ ಇಲ್ಲ. ಆದರೆ ಈಗ ಸರಿ ಬರದಿದ್ದಾಗ “ನನ್ನ ಕೈ ಹೋತು” ಅನ್ನುವುದಿಲ್ಲ. “ನಿನ್ನ ಪೆಟ್ಟಿಗಿ ಇನ್ನೂ ಕಲೀಬೇಕವಾ,” ಅನ್ನುತ್ತಾರೆ.

ಗೆಳತಿಯರೇ, ಮಿಕ್ಸಿ ಮುಚ್ಚಳ ತಿರುಗದಿದ್ದರೆ, ಫೋನು ಕೈಯಲ್ಲಿ ಹಿಡಿಸದಿದ್ದರೆ, ಬೆರಳಚ್ಚು ಯಂತ್ರ ಸವೆದ ಬೆರಳನ್ನು ಒಪ್ಪದಿದ್ದರೆ ‘ನನಗೇ ಬರಲ್ಲ’ ಅಂದುಬಿಡುತ್ತೇವೆ. ಮುಂದಿನ ಸಲ ಹಾಗನ್ನುವ ಮೊದಲು ಒಂದು ಕ್ಷಣ ನಿಂತು, ಇದನ್ನು ಯಾರ ಕೈಯಲ್ಲಿ ಅಳೆದು ಮಾಡಿದರು ಎಂದು ಕೇಳಿ. ನಿಮ್ಮಲ್ಲಿ ಎಂಜಿನಿಯರುಗಳಿದ್ದರೆ, ನಿಮ್ಮ ಕೈಯೊಂದರಲ್ಲೇ ಅಳೆಯಬೇಡಿ.

ಪೆಟ್ಟಿಗೆಯನ್ನು ತಂದಿದ್ದೇನೆ, ಹಿಂದಿನ ಮೇಜಿನ ಮೇಲಿದೆ. ಚಹಾ ಆದ ಮೇಲೆ ಎಲ್ಲರೂ ಬಂದು ಹತ್ತು ಸಲ ಮೆಲ್ಲಗೆ, ಹತ್ತು ಸಲ ಜೋರಾಗಿ ತಟ್ಟಿ ಹೋಗಿ. ಅದಕ್ಕೆ ಇನ್ನಷ್ಟು ಕೈಗಳ ಪರಿಚಯವಾಗಲಿ. ತಪ್ಪು ಹುಡುಕಲು ಅತ್ತೆಯವರೂ ಅಲ್ಲೇ ಕೂತಿರುತ್ತಾರೆ.